ಫ್ಯಾನ್ ಸದ್ದು ಮಾಡಿದರೆ ಕಂಪ್ಯೂಟರ್ ಬದಲಿಸಬೇಕಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೊಸ ಕಂಪ್ಯೂಟರ್ ಯಾವಾಗ ಕೊಳ್ಳಬೇಕು ಎಂದು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಈಚೆಗೆ ಒಂದು ಬರಹ ಬಂದಿತ್ತು. ಸಿಪಿಯು ಡಬ್ಬಿ ಜೋರಾಗಿ ಸದ್ದು ಮಾಡತೊಡಗಿದರೆ ಅದಕ್ಕೆ ವಯಸ್ಸಾಯಿತು ಅಂತ ತಿಳಿಯಿರಿ ಎಂಬ ಮಾತು ಅದರಲ್ಲಿತ್ತು. ಈ ಮಾತು ಸರಿಯಲ್ಲ. ನಾನು ಬನಹಟ್ಟಿಯವನು, ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಪತ್ರಿಕೆ, ಜಾತ್ರೆ ಬ್ಯಾನರ್, ಶಾಲೆಯ ಪ್ರಶ್ನೆಪತ್ರಿಕೆ ಇಂಥವು. ಓಣಿಯವರ, ನೆಂಟರ ಕಂಪ್ಯೂಟರ್ ಕೆಟ್ಟರೂ ನನ್ನ ಮನೆಗೇ ಬರುತ್ತವೆ. ಅವುಗಳಲ್ಲಿ ಸದ್ದಿನ ದೂರು ಇದ್ದವು ಬಹುಪಾಲು ಮುದಿಯಾದ ಯಂತ್ರಗಳಲ್ಲ, ಉಸಿರು ಕಟ್ಟಿದ ಯಂತ್ರಗಳು.

ಅಂಗಡಿಗೆ ಒಯ್ದರೆ ಏನು ಹೇಳುತ್ತಾರೆ ಗೊತ್ತಲ್ಲ. "ಹಳೇದಾತ್ರಿ ಸರ, ಇನ್ನೇನ್ ಮಾಡ್ತೀರಿ ಇದನ್ನ, ಹೊಸಾದು ತಗೊಂಡ್ಬಿಡ್ರಿ." ಈಗ ಅವರಿಗೆ ಇನ್ನೊಂದು ನೆಪವೂ ಸಿಕ್ಕಿದೆ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ನಿಂತಿತು ನೋಡಿ, ಅದನ್ನೂ ಫ್ಯಾನ್ ಸದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ. ವಿಂಡೋಸ್ ಬದಲಿಸಬೇಕಿದ್ದರೆ ಬದಲಿಸಿ, ಅದು ಬೇರೆ ಲೆಕ್ಕ.

ಫ್ಯಾನ್ ತಾನಾಗಿ ಜೋರು ತಿರುಗುವುದಿಲ್ಲ. ಲೆಕ್ಕವೆಲ್ಲ ಮಾಡುವ ಚಿಪ್ಪು ಪ್ರೊಸೆಸರ್, ಅದು ಎಷ್ಟು ಕಾದಿದೆ ಎಂದು ಅದನ್ನು ಕೂರಿಸಿದ ದೊಡ್ಡ ಬೋರ್ಡ್, ಅಂದರೆ ಮದರ್‌ಬೋರ್ಡ್, ಸದಾ ನೋಡುತ್ತಿರುತ್ತದೆ, ಬಿಸಿ ಏರಿದಂತೆ ಫ್ಯಾನ್‌ಗೆ ಇನ್ನೂ ಜೋರು ತಿರುಗು ಎನ್ನುತ್ತದೆ. ಅಂದರೆ ಕೇಳಬೇಕಾದದ್ದು ಫ್ಯಾನ್ ಬಾಯಿ ಹೇಗೆ ಮುಚ್ಚಿಸಲಿ ಎಂದಲ್ಲ, ಬಿಸಿ ಯಾಕೆ ಹೊರಗೆ ಹೋಗುತ್ತಿಲ್ಲ ಎಂದು. ಫ್ಯಾನ್‌ನ ವೈರನ್ನೇ ಕಿತ್ತು ಕಂಪ್ಯೂಟರ್ ಶಾಂತ ಮಾಡಿದ ಪುಣ್ಯಾತ್ಮರನ್ನೂ ನೋಡಿದ್ದೇನೆ. ಈಗಿನ ಪ್ರೊಸೆಸರ್‌ಗಳು 95, 100 ಡಿಗ್ರಿ ಹತ್ತಿರ ಬಂದರೆ ತಾವೇ ನಿಧಾನವಾಗುತ್ತವೆ, ಮತ್ತೂ ಏರಿದರೆ ಯಂತ್ರ ಆಫ್ ಆಗುತ್ತದೆ. ಹಾಗಾಗಿ ಆ ಯಂತ್ರ ಉಳಿಯಿತು. ಮಾಲೀಕರು ಮಾತ್ರ ಇಂಟರ್ನೆಟ್ ಸ್ಲೋ ಎಂದು ಬೈಯುತ್ತ ಕೂತಿದ್ದರು.

ಈಗ ನಮ್ಮ ಕಡೆಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇದು ಬರುವುದೇ ಇಲ್ಲ. ರಬಕವಿ, ಬನಹಟ್ಟಿ, ರಾಮಪುರದಲ್ಲಿ ಎಷ್ಟೋ ಮನೆಗಳ ಗೋಡೆ ಆಚೆಯೇ ಪವರ್‌ಲೂಮ್ ಇರುತ್ತದೆ. ಹತ್ತಿ ನೂಲು ಮಗ್ಗದ ಮೇಲೆ ಓಡುವಾಗ ಸಣ್ಣ ಎಳೆ ಉದುರುತ್ತದೆ, ಗಾಳಿಯಲ್ಲಿ ತೇಲುತ್ತದೆ, ಕಿಟಕಿ ಜಾಳಿಗೆಯಲ್ಲಿ, ಜೇಡರ ಬಲೆಯಲ್ಲಿ, ಟ್ಯೂಬ್‌ಲೈಟ್ ಮೇಲೆ ಬಿಳಿ ಬಿಳಿಯಾಗಿ ಕೂರುತ್ತದೆ. ಕಂಪ್ಯೂಟರ್ ಅಂದರೆ ದಿನವಿಡೀ ಗಾಳಿ ಎಳೆಯುವ ಡಬ್ಬಿ. ಆ ಎಳೆಯನ್ನು ಅದು ಆರಿಸಿ ಆರಿಸಿ ಒಳಗೆ ತುಂಬಿಕೊಳ್ಳುತ್ತದೆ. ಬಾಗಲಕೋಟೆ ಕಡೆಗೆ ಹೋದರೆ ಸಿಮೆಂಟ್ ಧೂಳು, ಇಳಕಲ್ಲಿನಲ್ಲಿ ಗ್ರಾನೈಟ್ ಪುಡಿ, ಹಳ್ಳಿಗಳಲ್ಲಿ ಎರೆ ಹೊಲದ ಮಣ್ಣು. ಬರೀ ಧೂಳಾದರೆ ಅರ್ಧ ತಾನೇ ಹಾರಿಹೋಗುತ್ತದೆ. ನೂಲಿನ ಎಳೆ ಹಾಗಲ್ಲ. ಅದು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಂತೆ ಪದರ ಕಟ್ಟುತ್ತದೆ, ಆಮೇಲೆ ಬಂದ ಧೂಳೆಲ್ಲ ಅದರ ಮೇಲೆ ಕೂರುತ್ತದೆ.

ಎಲ್ಲಿ ಕೂರುತ್ತದೆ ಅನ್ನೋದು ಮುಖ್ಯ. ಪ್ರೊಸೆಸರ್ ಮೇಲೆ ಅಲ್ಯೂಮಿನಿಯಂ ಎಲೆಗಳ ಒಂದು ದಿಮ್ಮಿ ಇರುತ್ತದೆ, ಅದೇ ಹೀಟ್‌ಸಿಂಕ್. ಅದರ ಮೇಲೆ ಫ್ಯಾನ್. ಮುಚ್ಚಳ ತೆಗೆದು ನೋಡಿದರೆ ಫ್ಯಾನ್‌ನ ರೆಕ್ಕೆ ಒಂದಿಷ್ಟು ಮಾಸಿರುತ್ತದೆ, ಬಟ್ಟೆಯಿಂದ ಒರೆಸಿ ಸ್ವಚ್ಛ ಆಯಿತು ಎಂದುಕೊಳ್ಳುತ್ತೇವೆ. ನಿಜವಾದ ಪದರ ಇರುವುದು ಫ್ಯಾನ್‌ನ ಅಡಿಗೆ, ಎಲೆಗಳ ಬಾಯಿಯಲ್ಲಿ. ಮೇಲಿಂದ ಕಾಣುವುದೇ ಇಲ್ಲ. ಫ್ಯಾನ್ ಗಾಳಿಯನ್ನು ಕೆಳಗೆ ಒತ್ತುತ್ತದೆ, ಗಾಳಿ ಆ ಪದರಕ್ಕೆ ಬಡಿದು ಪಕ್ಕಕ್ಕೆ ಚೆಲ್ಲುತ್ತದೆ, ಎಲೆಗಳ ನಡುವೆ ಹೋಗುವುದಿಲ್ಲ, ಬಿಸಿ ಇಳಿಯುವುದಿಲ್ಲ, ಮದರ್‌ಬೋರ್ಡ್ ಇನ್ನೂ ಜೋರು ಎನ್ನುತ್ತದೆ. ಫ್ಯಾನ್ ಅನ್ನು ಹೀಟ್‌ಸಿಂಕ್‌ನಿಂದ ಬಿಡಿಸಿ ನೋಡಿದರಷ್ಟೇ ಗೊತ್ತಾಗುತ್ತದೆ. ಒಂದು ಮೊಳೆ ತಗೊಂಡು ಎಬ್ಬಿಸಿದರೆ ಪದರ ಪೂರ್ತಿ ಒಂದೇ ತುಂಡಾಗಿ ಎದ್ದು ಬರುತ್ತದೆ, ನಮ್ಮೂರಲ್ಲಿ ಇದು ಉತ್ಪ್ರೇಕ್ಷೆ ಅಲ್ಲ.

ಸ್ವಚ್ಛ ಮಾಡುವಾಗ ವೈರ್ ಪೂರ್ತಿ ಕಿತ್ತು, ಹೊರಗೆ ಕಟ್ಟೆ ಮೇಲೆ ಇಟ್ಟುಕೊಳ್ಳಿ. ಒಳಗೆ ಮಾಡಿದರೆ ಅದೇ ಎಳೆ ಮತ್ತೆ ಒಳಗೇ ಹೋಗುತ್ತದೆ. ಬಣ್ಣ ಬಳಿಯುವ ಹೊಸ ಬ್ರಷ್ ಮತ್ತು ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಸಣ್ಣ ಬ್ಲೋವರ್ ಸಾಕು. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಲೇಬೇಕು, ಇಲ್ಲದಿದ್ದರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಇನ್ನು ಪಂಕ್ಚರ್ ಅಂಗಡಿಗೆ ಸಿಪಿಯು ಒಯ್ದು ಕಂಪ್ರೆಸರ್ ಗಾಳಿ ಹೊಡೆಸುವ ರೂಢಿ ನಮ್ಮಲ್ಲಿದೆ. ಬೇಡ. ಆ ಗಾಳಿಯ ಜೊತೆ ಟ್ಯಾಂಕಿನ ನೀರೂ ಎಣ್ಣೆಯೂ ಸ್ವಲ್ಪ ಬರುತ್ತವೆ, ಒತ್ತಡವೂ ಜಾಸ್ತಿ. ಲಾರಿ ಟೈರಿಗೆ ಇರುವ ಗಾಳಿ ಅದು.

ಇದೊಂದೇ ಕೆಲಸದಿಂದ ಎಷ್ಟೋ ಯಂತ್ರಗಳ ಸದ್ದು ಹೋಗುತ್ತದೆ. ಹೋಗದಿದ್ದರೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಇದಕ್ಕೆ ನಿಮ್ಮ ಪತ್ರಿಕೆಯೇ ಉಪಕರಣ. ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಫ್ಯಾನ್ ಹತ್ತಿರ ಹಿಡಿಯಿರಿ, ರೆಕ್ಕೆಗೆ ತಾಗಿಸದೆ. ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ. ಸದ್ದಿನ ಜಾತಿಯೂ ಬೇರೆ ಬೇರೆ. ಗುಂಯ್ ಎಂದರೆ ಬರೀ ವೇಗ ಜಾಸ್ತಿ. ಕರಕರ ಎಂದರೆ ಬೇರಿಂಗ್ ಸವೆದಿದೆ. ಟಕಟಕ ಎಂದರೆ ಯಾವುದೋ ವೈರ್ ರೆಕ್ಕೆಗೆ ತಾಗುತ್ತಿದೆ, ಅದನ್ನು ಪಕ್ಕಕ್ಕೆ ಕಟ್ಟಿದರೆ ಮುಗೀತು. ಕೈಯಿಂದ ಡಬ್ಬಿ ಒತ್ತಿದಾಗ ನಿಲ್ಲುವ ಝುಂಯ್ ಸದ್ದಾದರೆ ಪಕ್ಕದ ತಗಡು ಅದುರುತ್ತಿದೆ, ಸ್ಕ್ರೂ ಬಿಗಿ ಮಾಡಿ. ಸೈಕಲ್ಲಿನ ಹಳೇ ಟ್ಯೂಬ್ ಕತ್ತರಿಸಿ ಡಬ್ಬಿಯ ನಾಲ್ಕು ಕಾಲಿನ ಅಡಿಗೆ ಇಟ್ಟರೆ ಟೇಬಲ್ಲಿನ ಹಲಗೆಗೆ ಅದುರುವುದೂ ತಪ್ಪುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅದೂ ಗುನುಗುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಸೆಕೆಂಡಿಗೆ 120. ಅದರ ಬದಲು ಚಿಪ್ಪಿನಲ್ಲೇ ಫೈಲ್ ಇಡುವ ಎಸ್ಎಸ್‌ಡಿ ಹಾಕಿಸಿದರೆ ಆ ಸದ್ದೇ ಇರುವುದಿಲ್ಲ, ಅದರೊಳಗೆ ತಿರುಗುವುದು ಏನೂ ಇಲ್ಲವಲ್ಲ.

ಬೇರಿಂಗ್ ಸವೆದ ಫ್ಯಾನ್‌ಗೆ ಎಣ್ಣೆ ಬಿಡುವವರು ಬಹಳ. ಅಗ್ಗದ ಫ್ಯಾನ್‌ಗಳಲ್ಲಿ ಇರುವುದು ಸ್ಲೀವ್ ಬೇರಿಂಗ್, ಹಿಂದಿನ ಸ್ಟಿಕರ್ ಎತ್ತಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ಕಾಲ ಸುಮ್ಮನಿರುತ್ತದೆ. ಕೊಬ್ಬರಿ ಎಣ್ಣೆ ಬಿಡಬೇಡಿ, ಅದು ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಅಂಟಾಗಿ ಧೂಳು ಹಿಡಿಯುತ್ತದೆ. ಮಗ್ಗಕ್ಕೆ ಬಿಡುವ ಎಣ್ಣೆಯೂ ಬೇಡ, ಅದು ಇಷ್ಟು ಸಣ್ಣ ಮೋಟಾರಿಗೆ ದಪ್ಪವಾಯಿತು. ನನ್ನ ಮಾತು ಕೇಳಿದರೆ, ಕರಕರ ಶುರುವಾದ ಫ್ಯಾನ್ ಬದಲಿಸಿಬಿಡಿ. ಅದರ ಖರ್ಚು ಹೊಸ ಕಂಪ್ಯೂಟರ್‌ನ ಹತ್ತಿರವೂ ಬರುವುದಿಲ್ಲ. ಕೊಳ್ಳುವಾಗ ಡಬ್ಬಿಯಲ್ಲಿ ಜಾಗ ಇದ್ದರೆ ದೊಡ್ಡದನ್ನೇ ಕೇಳಿ. 80 ಮಿಲಿಮೀಟರ್ ಫ್ಯಾನ್‌ಗಿಂತ 120 ಮಿಲಿಮೀಟರ್ ಫ್ಯಾನ್‌ನ ಬಾಯಿಯ ವಿಸ್ತೀರ್ಣ ಎರಡು ಪಟ್ಟಿಗಿಂತ ಹೆಚ್ಚು, ನಿಧಾನ ತಿರುಗಿದರೂ ಅಷ್ಟೇ ಗಾಳಿ ಕೊಡುತ್ತದೆ.

ಈ ನಿಧಾನ ತಿರುಗುವುದರಲ್ಲೇ ಎಲ್ಲ ಗುಟ್ಟು ಇದೆ. ಒಂದು ಫ್ಯಾನ್‌ನ ವೇಗ 2000 ಸುತ್ತಿನಿಂದ 1000ಕ್ಕೆ ಇಳಿಸಿದಿರಿ ಎನ್ನಿ. ಗಾಳಿ ಅರ್ಧ ಆಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧ ಆದಂತೆ ಕೇಳುತ್ತದೆ, ಹಾಗಾದರೆ 15 ಅಂದರೆ ಎಷ್ಟು ವ್ಯತ್ಯಾಸ ನೋಡಿ. ಅಂದರೆ ಒಂದು ಫ್ಯಾನ್ ಅನ್ನು ಜೋರಾಗಿ ಓಡಿಸುವುದಕ್ಕಿಂತ ಅಂಥವೇ ಎರಡನ್ನು ನಿಧಾನವಾಗಿ ಓಡಿಸುವುದು ಎಷ್ಟೋ ಶಾಂತ. ಫ್ಯಾನ್ ಜಾಸ್ತಿ ಆದರೆ ಸದ್ದು ಜಾಸ್ತಿ ಎಂದು ಜನ ತಿಳಿದಿದ್ದಾರೆ, ಅದು ತಲೆಕೆಳಗು.

ಇನ್ನು ನನಗೆ ಸಿಟ್ಟು ಬರುವ ವಿಷಯ. ಈಗ ಹುಡುಗರು ಕೊಳ್ಳುವ ಡಬ್ಬಿಗಳನ್ನು ನೋಡಿ. ಮುಂದೆ ಗಾಜು, ಒಳಗೆ ಬಣ್ಣ ಬದಲಾಯಿಸುವ ಮೂರು ಫ್ಯಾನ್. ನೋಡಲು ಗಣಪತಿ ಮಂಟಪ. ಗಾಜಿನ ಮುಂದೆ ಗಾಳಿ ಒಳಗೆ ಬರಲು ದಾರಿಯೇ ಇಲ್ಲ, ಪಕ್ಕದಲ್ಲಿ ಒಂದು ಬೆರಳು ಅಗಲದ ಸಂದು ಅಷ್ಟೇ. ಅದೂ ಹೋಗಲಿ, ಆ ಮೂರು ಫ್ಯಾನ್‌ಗಳ ವೈರನ್ನು ಮದರ್‌ಬೋರ್ಡಿಗೆ ಸಿಕ್ಕಿಸಿರುವುದಿಲ್ಲ. ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ ಎಸ್ಎಂಪಿಎಸ್‌ನಿಂದ ಬರುವ ನಾಲ್ಕು ತೂತಿನ ದಪ್ಪ ಬಿಳಿ ಪ್ಲಗ್ಗಿಗೆ ನೇರ ಸಿಕ್ಕಿಸಿರುತ್ತಾರೆ, ಮೊಲೆಕ್ಸ್ ಎನ್ನುತ್ತಾರೆ ಅದಕ್ಕೆ. ಅಲ್ಲಿ 12 ವೋಲ್ಟ್ ಸದಾ ಇರುತ್ತದೆ. ಕಂಪ್ಯೂಟರ್ ಏನೂ ಕೆಲಸ ಮಾಡದೆ ಸುಮ್ನೆ ಇದ್ದರೂ ಫ್ಯಾನ್ ಪೂರ್ತಿ ವೇಗದಲ್ಲಿ ಓಡುತ್ತದೆ. ಅದನ್ನು ತಡೆಯಲು ಯಾವ ಸಾಫ್ಟ್‌ವೇರ್‌ನಿಂದಲೂ ಆಗುವುದಿಲ್ಲ, ಯಾಕೆಂದರೆ ಮದರ್‌ಬೋರ್ಡಿಗೆ ಆ ಫ್ಯಾನ್ ಇದೆ ಎಂಬುದೇ ಗೊತ್ತಿಲ್ಲ. ಹೊಸ ಕಂಪ್ಯೂಟರ್ ತಂದ ದಿನದಿಂದಲೇ ಸದ್ದು ಎಂದು ಬರುವವರದು ಸಾಮಾನ್ಯವಾಗಿ ಇದೇ ಕಥೆ. ನಿಮ್ಮ ಲೇಖನದ ಪ್ರಕಾರ ಇವಕ್ಕೆಲ್ಲ ಹುಟ್ಟುತ್ತಲೇ ವಯಸ್ಸಾಗಿದೆ ಅಂತಾಯ್ತು.

ಮದರ್‌ಬೋರ್ಡಿಗೆ ಸಿಕ್ಕಿಸಿದ ಫ್ಯಾನ್‌ಗಳಲ್ಲೂ ಒಂದು ಗೊಂದಲ ಇದೆ. ಫ್ಯಾನ್ ಎರಡು ಬಗೆ, ಮೂರು ಪಿನ್ನಿನದು, ನಾಲ್ಕು ಪಿನ್ನಿನದು. ಮೂರು ಪಿನ್ನಿನದನ್ನು ನಿಧಾನ ಮಾಡಲು ವೋಲ್ಟೇಜ್ ಇಳಿಸಬೇಕು. ನಾಲ್ಕು ಪಿನ್ನಿನದಕ್ಕೆ 12 ವೋಲ್ಟ್ ಹಾಗೇ ಇರುತ್ತದೆ, ನಾಲ್ಕನೇ ವೈರಿನಲ್ಲಿ ಎಷ್ಟು ವೇಗ ಬೇಕು ಎಂಬ ಸೂಚನೆ ಹೋಗುತ್ತದೆ, ಇದು ಪಿಡಬ್ಲ್ಯುಎಂ. ಮೂರು ಪಿನ್ನಿನ ಫ್ಯಾನ್ ನಾಲ್ಕು ಪಿನ್ನಿನ ಜಾಗದಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟದಲ್ಲಿ, ಆ ಜಾಗ ಪಿಡಬ್ಲ್ಯುಎಂ ಎಂದು ಇದ್ದರೆ ಸೂಚನೆ ಕೇಳಲು ಆ ಫ್ಯಾನ್‌ಗೆ ವೈರೇ ಇಲ್ಲ, ಪೂರ್ತಿ 12 ವೋಲ್ಟಿನಲ್ಲಿ ಓಡುತ್ತಲೇ ಇರುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ ಅದನ್ನು ಡಿಸಿ, ಅಂದರೆ ವೋಲ್ಟೇಜ್ ಇಳಿಸುವ ಬಗೆ, ಎಂದು ಬದಲಿಸಿದರೆ ಆಯಿತು. ಒಂದು ಪೈಸೆ ಖರ್ಚಿಲ್ಲ. ಕೆಲವು ಹಳೆಯ, ಅಗ್ಗದ ಬೋರ್ಡ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ, ಅಲ್ಲಿ ನಾಲ್ಕು ಪಿನ್ನಿನ ಫ್ಯಾನೇ ತರಬೇಕು.

ಬಯೋಸ್‌ಗೆ ಹೋದ ಮೇಲೆ ಅಲ್ಲೇ ಇನ್ನೊಂದು ಕೆಲಸ ಮಾಡಿ ಬನ್ನಿ. ಯಾವ ಬಿಸಿಗೆ ಎಷ್ಟು ವೇಗ ಎಂಬ ಗೆರೆ ಅಲ್ಲಿರುತ್ತದೆ. ಕಂಪನಿಯವರು ಅದನ್ನು ಅಂಜಿಕೊಂಡು ಇಟ್ಟಿರುತ್ತಾರೆ, ಎಷ್ಟೋ ಬೋರ್ಡ್‌ಗಳಲ್ಲಿ 50 ಡಿಗ್ರಿ ದಾಟಿದ ಕೂಡಲೇ ಫ್ಯಾನ್ ಜೋರಾಗುತ್ತದೆ. ಪ್ರೊಸೆಸರ್‌ನ ಬಿಸಿ ಒಂದು ಫೈಲ್ ತೆರೆದರೂ ಒಂದೆರಡು ಸೆಕೆಂಡಿನಲ್ಲಿ ಹತ್ತು ಡಿಗ್ರಿ ಏರಿ ಇಳಿಯುತ್ತದೆ, ಅದರ ಹಿಂದೆ ಫ್ಯಾನ್ ಕೂಡ ಗುಂಯ್ ಎಂದು ಏರುತ್ತ ಇಳಿಯುತ್ತ ಇರುತ್ತದೆ. ಒಂದೇ ಸಮ ಸದ್ದಿಗಿಂತ ಈ ಏರಿಳಿತವೇ ತಲೆ ತಿನ್ನುವುದು. ನಾನು ಇಡುವುದು ಹೀಗೆ: 55 ಡಿಗ್ರಿವರೆಗೆ ನಿಧಾನ, 70ಕ್ಕೆ ಮುಕ್ಕಾಲು ವೇಗ, 85ಕ್ಕೆ ಪೂರ್ತಿ. ಬಿಸಿ ಏರಿದ ಎಷ್ಟು ಹೊತ್ತಿಗೆ ಫ್ಯಾನ್ ಏರಬೇಕು ಎಂದು ಕೇಳುವ ಸಾಲು ಇದ್ದರೆ ಅಲ್ಲಿ ಕೆಲವು ಸೆಕೆಂಡು ತಡ ಕೊಡಿ. ಪ್ರೊಸೆಸರ್ ಫ್ಯಾನ್ ಅನ್ನು ಸೊನ್ನೆಗೆ ಮಾತ್ರ ಇಡಬೇಡಿ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯಲ್ಲಿ 40 ಡಿಗ್ರಿ ದಾಟುತ್ತದೆ, ಕೋಣೆ ಹತ್ತು ಡಿಗ್ರಿ ಹೆಚ್ಚು ಕಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಕಾಯುತ್ತದೆ. ಹಾಗಾಗಿ ಡಿಸೆಂಬರ್‌ನಲ್ಲಿ ಇಟ್ಟ ಗೆರೆಯನ್ನು ಮಾರ್ಚ್‌ನಲ್ಲಿ ಒಮ್ಮೆ ನೋಡಬೇಕು.

ಇಷ್ಟೆಲ್ಲ ಮಾಡಿದರೂ ಬಿಸಿ ಇಳಿಯದಿದ್ದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಅಥವಾ ಪ್ರೊಸೆಸರ್‌ನ ಬಿಸಿಯನ್ನು ಅದಕ್ಕೆ ದಾಟಿಸಲು ಅಡಿಗೆ ಬಳಿದ ಪೇಸ್ಟ್ ಒಣಗಿದೆ. ಇಂಟೆಲ್ ಜೊತೆ ಬರುವ ಫ್ಯಾನ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲು, ಒತ್ತಿ ಕೂರಿಸುವುದು. ಅದರಲ್ಲಿ ಒಂದು ಬಿಟ್ಟುಕೊಂಡರೂ ಹೀಟ್‌ಸಿಂಕ್ ಒಂದು ಕಡೆ ಎದ್ದಿರುತ್ತದೆ, ಕಣ್ಣಿಗೆ ಕಾಣದಷ್ಟು. ಬಸ್ಸಿನಲ್ಲಿ, ಟಂಟಂನಲ್ಲಿ ತಂದ ಯಂತ್ರಗಳಲ್ಲಿ ಮೊದಲು ಇದನ್ನೇ ನೋಡಿ. ಪೇಸ್ಟ್ ಬದಲಿಸುವಾಗ ಹಳೆಯದನ್ನು ಪೂರ್ತಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ನಡುವೆ ಇಟ್ಟರೆ ಸಾಕು, ಜಾಸ್ತಿ ಬಳಿದರೆ ಜಾಸ್ತಿ ತಂಪು ಆಗುವುದಿಲ್ಲ. ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಎಎಂ4 ಎಂಬ ಬಗೆಯ ಬೋರ್ಡ್ ಇದ್ದವರು ಸ್ವಲ್ಪ ಹುಷಾರು. ಅದರಲ್ಲಿ ಪೇಸ್ಟ್ ಗಟ್ಟಿಯಾಗಿದ್ದರೆ ಹೀಟ್‌ಸಿಂಕ್ ಎಳೆದಾಗ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತವೆ. ಮೊದಲು ಕಂಪ್ಯೂಟರ್ ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ ವೈರ್ ಕಿತ್ತು, ಆಮೇಲೆ ಹೀಟ್‌ಸಿಂಕ್ ಅನ್ನು ಆಚೀಚೆ ಮೆಲ್ಲಗೆ ತಿರುಗಿಸಿ ಬಿಡಿಸಿ.

ಎಸ್ಎಂಪಿಎಸ್ ಸದ್ದು ಮಾಡಿದರೆ ಅದರ ಡಬ್ಬಿ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮಿಕ್ಕಿ ಕರೆಂಟ್ ಉಳಿದಿರಬಹುದು. ಹೊರಗಿನಿಂದ ಬ್ರಷ್ ಹೊಡೆಯಿರಿ, ಅಷ್ಟರಿಂದ ಹೋಗದಿದ್ದರೆ ಬದಲಿಸಿ. ಈ ವಿಷಯದಲ್ಲಿ ಮಾತ್ರ ನಾನು ಅಂಗಡಿಯವರ ಪರ.

ಯಂತ್ರಕ್ಕೆ ಕೆಲಸ ಕಡಿಮೆ ಮಾಡಿದರೂ ಸದ್ದು ಕಡಿಮೆಯಾಗುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ನೀವು ಏನೂ ಮಾಡದಿದ್ದಾಗಲೂ ಯಾವುದಾದರೂ ಪ್ರೋಗ್ರಾಂ ಪ್ರೊಸೆಸರ್ ತಿನ್ನುತ್ತಿದೆಯಾ ಅಂತ. ಕಳ್ಳ ಸಾಫ್ಟ್‌ವೇರ್ ಜೊತೆ ಬಂದು, ನಿಮ್ಮ ಯಂತ್ರದಲ್ಲಿ ಬೇರೆಯವರಿಗೆ ಕ್ರಿಪ್ಟೊ ಹಣ ದುಡಿಯುವ ಮೈನಿಂಗ್ ವೈರಸ್ ಇದ್ದರೂ ಫ್ಯಾನ್ ಹೀಗೇ ಕೂಗುತ್ತದೆ. ಇನ್ನೊಂದು ಸಣ್ಣ ಉಪಾಯ: ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬ ಸಾಲಿನಲ್ಲಿ 100ರ ಬದಲು 99 ಎಂದು ಹಾಕಿದರೆ ಹೆಚ್ಚಿನ ಯಂತ್ರಗಳಲ್ಲಿ ಟರ್ಬೊ, ಅಂದರೆ ಪ್ರೊಸೆಸರ್ ತನ್ನ ಮಾಮೂಲಿ ವೇಗ ಮೀರಿ ಓಡುವುದು, ನಿಲ್ಲುತ್ತದೆ, ಬಿಸಿ ಚೆನ್ನಾಗಿ ಇಳಿಯುತ್ತದೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದಕ್ಕೆ, ಮದುವೆ ಪತ್ರಿಕೆ ಕೂರಿಸುವುದಕ್ಕೆ ಟರ್ಬೊ ಯಾಕೆ ಬೇಕು? ದೊಡ್ಡ ಬ್ಯಾನರ್, ವಿಡಿಯೊ ಇದ್ದಾಗ ಮತ್ತೆ 100 ಮಾಡಿಕೊಂಡರಾಯಿತು. ಕೆಲವು ಹೊಸ ಕಂಪ್ಯೂಟರ್‌ಗಳಲ್ಲಿ ಈ ಸಾಲು ಅಡಗಿರುತ್ತದೆ.

ಇಡುವ ಜಾಗದ ಬಗ್ಗೆ ಎರಡು ಮಾತು. ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಗೂಡಿನಲ್ಲಿ ಸಿಪಿಯು ತುರುಕಿದರೆ ಅದು ಬಿಟ್ಟ ಬಿಸಿ ಗಾಳಿಯನ್ನು ತಾನೇ ಮತ್ತೆ ಎಳೆದುಕೊಳ್ಳುತ್ತದೆ. ಹೊರಗೆ ತೆಗೆಯಿರಿ, ಗೋಡೆಯಿಂದ ಒಂದು ಗೇಣು ದೂರ ಇಡಿ, ನೆಲದ ಮೇಲಂತೂ ಬೇಡ, ನೂಲೆಲ್ಲ ಹೊರಳುವುದೇ ನೆಲದ ಮೇಲೆ. ಧೂಳು ಬೇಡ ಎಂದು ಹಳೇ ಸೀರೆ ಹೊದಿಸುತ್ತಾರೆ. ಆಫ್ ಮಾಡಿದ ಮೇಲೆ ಹೊದಿಸಿ, ಓಡುವಾಗ ಹೊದಿಸಿದರೆ ಏನಾಗುತ್ತದೆ ಎಂದು ಇಷ್ಟು ಹೊತ್ತು ಹೇಳಿದೆನಲ್ಲ. ಡಬ್ಬಿಯ ಮುಂದಿನ ಬಾಯಿಗೆ ಸೊಳ್ಳೆ ಪರದೆಯಂಥ ನೈಲಾನ್ ಜಾಳಿಗೆ ಕಟ್ಟಿ ವಾರಕ್ಕೊಮ್ಮೆ ಕೊಡವಿದರೆ ಎಳೆ ಒಳಗೆ ಹೋಗುವುದೇ ಬಹಳ ಕಡಿಮೆ. ದಪ್ಪ ಬಟ್ಟೆ ಕಟ್ಟಬೇಡಿ, ಗಾಳಿ ನಿಂತು ಸದ್ದು ಮೊದಲಿಗಿಂತ ಜಾಸ್ತಿಯಾಗುತ್ತದೆ. ಪಕ್ಕದ ತಗಡು ತೆಗೆದಿಟ್ಟು ಟೇಬಲ್ ಫ್ಯಾನ್ ಹಚ್ಚುವುದೂ ಹಾಗೇ, ನೂಲಿಗೆ ಆಮಂತ್ರಣ.

ಮಗ್ಗದ ಊರಿನವನಿಗೆ ಕಂಪ್ಯೂಟರ್ ಸದ್ದು ಯಾವ ಲೆಕ್ಕ ಎಂದು ನಮ್ಮ ಕಾಕಾ ನಗುತ್ತಾರೆ. ಪವರ್‌ಲೂಮ್ ಶೆಡ್ಡಿನೊಳಗೆ 90 ಡೆಸಿಬೆಲ್ ದಾಟುತ್ತದೆ, ನಿಜ. ಆದರೆ ಅದು ನಿಂತ ಮೇಲೆ, ರಾತ್ರಿ ಹತ್ತರ ನಂತರ, ಅದೇ ಕೋಣೆಯಲ್ಲಿ ಮಕ್ಕಳು ಮಲಗುತ್ತವೆ, ಇನ್ನೊಂದು ಮೂಲೆಯಲ್ಲಿ ನಾನು ಬೆಳಿಗ್ಗೆ ಕೊಡಬೇಕಾದ ಕೆಲಸ ಮುಗಿಸುತ್ತಿರುತ್ತೇನೆ. ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಮಿತಿ ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಅದನ್ನು ಹಿಡಿದು ಸಿಪಿಯು ಮೇಲೆ ದೂರು ಕೊಡಲು ಆಗುವುದಿಲ್ಲವಲ್ಲ.

ಸಂಪಾದಕರೇ, ನಿಮ್ಮಲ್ಲಿ ಎರಡು ವಿನಂತಿ. ನಿಮ್ಮ ತಂತ್ರಜ್ಞಾನ ಪುಟದಲ್ಲಿ ವಾರ ವಾರವೂ ಹೊಸ ಮೊಬೈಲ್ ಬರುತ್ತದೆ. ಫೆಬ್ರವರಿಯಲ್ಲಿ ಒಂದು ವಾರವಾದರೂ ಬೇಸಿಗೆಗೆ ಮುಂಚೆ ಕಂಪ್ಯೂಟರ್ ಹೇಗೆ ಸ್ವಚ್ಛ ಮಾಡಬೇಕು ಎಂದು ಚಿತ್ರ ಸಮೇತ ಹಾಕಿ, ಹೀಟ್‌ಸಿಂಕ್‌ನ ಅಡಿ ಪದರದ ಚಿತ್ರ ಬೇಕಿದ್ದರೆ ನಮ್ಮೂರಿಗೆ ಫೋಟೊ ತೆಗೆಯುವವರನ್ನು ಕಳಿಸಿ, ಸರಕಿಗೆ ಕೊರತೆ ಇಲ್ಲ. ಇನ್ನೊಂದು, ಈ ಪತ್ರವನ್ನು ಓದುವ ಅಂಗಡಿಯವರಿಗೆ ನಿಮ್ಮ ಮೂಲಕ ಹೇಳುವುದು: ಹೊಸ ಯಂತ್ರ ಜೋಡಿಸುವಾಗ ಫ್ಯಾನ್‌ಗಳನ್ನು ಮದರ್‌ಬೋರ್ಡಿಗೇ ಸಿಕ್ಕಿಸಿ, ಮೊಲೆಕ್ಸ್‌ಗೆ ಬೇಡ. ಬಿಲ್ಲಿನಲ್ಲಿ ಫ್ಯಾನ್ ಎಷ್ಟು ಪಿನ್ನಿನದು ಎಂದು ಬರೆದು ಕೊಡಿ. ರಿಪೇರಿಗೆ ಬಂದದ್ದನ್ನು ಹೊಸದು ತಗೊಳ್ಳಿ ಎನ್ನುವ ಮೊದಲು ಆ ಫ್ಯಾನ್ ಒಮ್ಮೆ ಬಿಚ್ಚಿ ಅಡಿಗೆ ಏನಿದೆ ಅಂತ ಗಿರಾಕಿಗೆ ತೋರಿಸಿ. ಸ್ವಚ್ಛ ಮಾಡಿದ್ದಕ್ಕೆ ದುಡ್ಡು ತಗೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಇಂತಿ ನಿಮ್ಮ ಓದುಗ,
ಬನಹಟ್ಟಿ, ಬಾಗಲಕೋಟೆ ಜಿಲ್ಲೆ